ಗುಡ್ಡೆಯ ಸೊಪ್ಪು, ಅಜ್ಜಿಯ ಅರಿಶಿನ

ನಮ್ಮ ಕಾಲದ ಮಕ್ಕಳ ಕಾಲು ಗಾಯವಿಲ್ಲದೆ ಇದ್ದದ್ದೇ ಅಪರೂಪ. ಪುತ್ತೂರು, ಸುಳ್ಯ ಕಡೆಯ ಮುರಕಲ್ಲಿನ ದಾರಿಯಲ್ಲಿ ಬರಿಗಾಲಲ್ಲೇ ಶಾಲೆಗೆ ಹೋಗುವುದು. ಓಡಿದರೆ ಎಡವಿ ಹೆಬ್ಬೆರಳ ಉಗುರು ಏಳುತ್ತಿತ್ತು, ಗೇರುಮರ ಹತ್ತಿದರೆ ಮೊಣಕಾಲು ತರಚುತ್ತಿತ್ತು. ಹಟ್ಟಿಗೆ ಸೊಪ್ಪು ತರಲು ದೊಡ್ಡವರ ಹಿಂದೆ ಗುಡ್ಡೆಗೆ ಹೋದರೆ ಕತ್ತಿ ಬೆರಳಿಗೆ ತಾಗುತ್ತಿತ್ತು. ಅಳುತ್ತಾ ಕೂರಲು ಪುರುಸೊತ್ತಿಲ್ಲ. ಅಷ್ಟರಲ್ಲಿ ಜೊತೆಯವರಲ್ಲಿ ಯಾರೋ ಒಬ್ಬರು ಕಮ್ಯುನಿಸ್ಟ್ ಗಿಡದ ಎಲೆ ಕೊಯ್ದು ಆಗಿರುತ್ತಿತ್ತು.

ಆ ಮದ್ದು ಮಾಡುವುದನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ನಾಲ್ಕಾರು ಎಳೆ ಎಲೆಗಳನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಬೇಕು. ಮೊದಲು ಘಾಟು ವಾಸನೆ ಏಳುತ್ತದೆ, ಆಮೇಲೆ ಎಲೆ ಮೆತ್ತಗಾಗಿ ಕಡುಹಸುರು ರಸ ಬಿಡುತ್ತದೆ. ರಸವನ್ನು ಗಾಯದ ಮೇಲೆ ಹಿಂಡಿ, ಚರಟವನ್ನೂ ಅಲ್ಲೇ ಇಟ್ಟು ಒತ್ತಬೇಕು. ಚುರ್ರನೆ ಉರಿ! ನನಗಿಂತ ಮುಂದಿನ ಕ್ಲಾಸಿನಲ್ಲಿದ್ದ ದೊಡ್ಡಮ್ಮನ ಮಗ ನನ್ನ ಕೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದು, "ಬಿಡಬೇಡ ಮಾರಾಯ, ಈಗ ನಿಲ್ತದೆ" ಎನ್ನುತ್ತಿದ್ದ. ನಿಲ್ಲುತ್ತಿತ್ತು. ಸೊಪ್ಪು ಗಾಯಕ್ಕೆ ಕಚ್ಚಿಕೊಂಡು ಒಣಗಿ ಕಪ್ಪಾಗುತ್ತಿತ್ತು. ಅದನ್ನು ಕೀಳಬಾರದು, ತಾನಾಗಿಯೇ ಉದುರಬೇಕು ಎಂಬುದು ನಮ್ಮೊಳಗಿನ ಕಟ್ಟಪ್ಪಣೆ.

ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ನಮ್ಮ ಗುಡ್ಡೆಗಳನ್ನು ಮುಚ್ಚಿಬಿಟ್ಟ ಕಳೆ ಈ ಕಮ್ಯುನಿಸ್ಟ್ ಗಿಡ. ಹುಲ್ಲಿಗೂ ಜಾಗ ಬಿಡದ ಆ ಗಿಡವನ್ನು ದೊಡ್ಡವರು ಬೈದುಕೊಂಡೇ ಕಡಿಯುತ್ತಿದ್ದರು. ವಿಯೆಟ್ನಾಮಿನಲ್ಲಿ ಅದೇ ಎಲೆಯ ಸಾರದಿಂದ ಯುಪೋಲಿನ್ ಎಂಬ ಔಷಧ ಮಾಡಿ ಸುಟ್ಟ ಗಾಯಗಳಿಗೂ ಮಾಯದ ಹುಣ್ಣುಗಳಿಗೂ ಬಳಸಿದ್ದಾರೆ. ಎಲೆಯ ಫ್ಲೇವನಾಯ್ಡ್ ಮತ್ತು ಫೀನಾಲಿಕ್ ಆಮ್ಲಗಳು ಚರ್ಮದ ಕೋಶಗಳನ್ನು ಹಾನಿಯಿಂದ ಕಾಯುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಇದನ್ನು ಓದಿದ ದಿನ, ನನ್ನ ಕೈ ಹಿಡಿಯುತ್ತಿದ್ದ ಆ ಅಣ್ಣನಿಗೆ ಫೋನು ಮಾಡಿ ಹೇಳಿದೆ. ನಾವಿಬ್ಬರೂ ತುಂಬ ಹೊತ್ತು ಆ ಗುಡ್ಡೆಯ ಮಾತನ್ನೇ ಆಡಿದೆವು.

ಮನೆಗೆ ಬಂದ ಮೇಲೆ ಅಜ್ಜಿಯ ಸರದಿ. ಅರಿಶಿನದ ಕೊಂಬನ್ನು ಸಾಣೆಕಲ್ಲಿನಲ್ಲಿ ತೇಯ್ದು, ಸೌಟಿನಲ್ಲಿ ಬಿಸಿಮಾಡಿದ ತೆಂಗಿನೆಣ್ಣೆಗೆ ಕಲಸಿ, ಉಗುರುಬೆಚ್ಚಗಾದ ಮೇಲೆ ಹಚ್ಚಿ ಹಳೆ ಪಂಚೆಯ ತುಂಡಿನಿಂದ ಕಟ್ಟುತ್ತಿದ್ದರು. ಎಣ್ಣೆಯೇ ಯಾಕೆ, ನೀರು ಸಾಲದೇ ಎಂದು ಕೇಳಿದರೆ "ನೀರಲ್ಲಿ ಹಿಡಿಯುವುದಿಲ್ಲ ಮಗಾ" ಎಂಬಷ್ಟೇ ಉತ್ತರ. ಅರಿಶಿನದಲ್ಲಿರುವ, ಉರಿಯೂತ ತಗ್ಗಿಸುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಎಣ್ಣೆಯಲ್ಲಿ ಕರಗುತ್ತದೆ. ಅಜ್ಜಿಯ ಮಾತು ಎಷ್ಟು ಸರಿಯಿತ್ತು ಎಂದು ನನಗೆ ಗೊತ್ತಾದದ್ದು ಅವರು ಹೋದ ಎಷ್ಟೋ ಕಾಲದ ಮೇಲೆ.

ಬಾವಿಕಟ್ಟೆಯ ಪಸೆಯಲ್ಲಿ ಹಬ್ಬಿದ್ದ ಒಂದೆಲಗ, ತುಳುವಿನ ತಿಮರೆ, ತಂಬುಳಿಯಾಗಿ ಬಟ್ಟಲಿಗೆ ಬರುತ್ತಿತ್ತು. ಅದನ್ನೇ ಅರೆದು ಹುಣ್ಣಿಗೂ ಹಚ್ಚುತ್ತಿದ್ದರು. ಮಡಗಾಸ್ಕರ್‌ನ ಒಂದೆಲಗದಿಂದ ಏಷಿಯಾಟಿಕೋಸೈಡ್ ಎಂಬ ಅಂಶವನ್ನು 1940ರ ದಶಕದಲ್ಲೇ ಬೇರ್ಪಡಿಸಿದ್ದರು. ಹೊಸ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಹೆಚ್ಚು ತಯಾರಾಗುವಂತೆ ಅದು ಪ್ರಚೋದಿಸುತ್ತದೆ. ಫ್ರಾನ್ಸಿನ ಮಡೆಕಾಸಾಲ್ ಮುಲಾಮು ಬಂದದ್ದು ಈ ಎಲೆಯಿಂದಲೇ.

ಗಾಯ ಆಳವಾಗಿದ್ದರೆ, ತುಕ್ಕು ಹಿಡಿದ ಮೊಳೆ ಚುಚ್ಚಿದ್ದರೆ ಮಾತ್ರ ಅಜ್ಜಿ ಸೊಪ್ಪಿನ ಗೊಡವೆಗೇ ಹೋಗುತ್ತಿರಲಿಲ್ಲ. ತೊಳೆದು ಬಟ್ಟೆ ಸುತ್ತಿ, ಧನುರ್ವಾಯುವಿನ ಇಂಜೆಕ್ಷನ್‌ಗೆ ನೇರ ಪೇಟೆಯ ಡಾಕ್ಟರರಲ್ಲಿಗೆ. ಮನೆಮದ್ದು ಎಲ್ಲಿ ನಿಲ್ಲಬೇಕು ಎಂದು ಬಲ್ಲವರು ಅವರು. ಇವತ್ತು ಎಲ್ಲಕ್ಕೂ ಎಲೆಯೇ ಸಾಕು ಎನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಅಜ್ಜಿ ಹಚ್ಚುತ್ತಿದ್ದ ಅದೇ ಅರಿಶಿನದಿಂದ ಗಾಯ ಮಾಯಿಸುವುದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು, ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಯಾರಿಗೂ ನಂಬಲಾಗಲಿಲ್ಲ. ವಿಜ್ಞಾನಿ ಮಾಶೇಲ್ಕರ್ ಮುಂದಾಳ್ತನದ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು, 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು. ಗೆಲ್ಲಿಸಿದ್ದು ಬರಹ: ಹಳೆಯ ಸಂಸ್ಕೃತ ಗ್ರಂಥಗಳು, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದಿದ್ದ ಒಂದು ಲೇಖನ. ಲಕ್ಷಾಂತರ ಅಜ್ಜಿಯರ ಕೈಗುಣ ಆಗ ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತಿರಲಿಲ್ಲ.

ಅರಿಶಿನಕ್ಕೆ ಗ್ರಂಥಗಳಿದ್ದವು. ನಮ್ಮ ಗುಡ್ಡೆ, ತೋಟ, ತೋಡಿನ ಬದಿಯ ಎಷ್ಟೋ ಸೊಪ್ಪುಗಳಿಗೆ ಬಾಯಿಮಾತು ಬಿಟ್ಟರೆ ಬೇರೆ ದಾಖಲೆಯಿಲ್ಲ. ಆ ಮಾತು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಸಮಿತಿ ಇರಬೇಕು, ಊರವರ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು ಕೇಳಿ, ಯಾವ ಗಾಯಕ್ಕೆ ಯಾವ ಎಲೆ, ಹೇಗೆ ಹಚ್ಚುವುದು, ಯಾವುದಕ್ಕೆ ಹಚ್ಚಬಾರದು ಎಂದು. ಕೇಳಿದ್ದನ್ನು ಪಂಚಾಯಿತಿಯ ಆ ದಾಖಲೆಯಲ್ಲಿ ಬರೆಸಿ.