ನೋಟಿಸು ಕಾಣದವರು

ನಾನು ಸರಕಾರಿ ಗುಮಾಸ್ತ. ನಮ್ಮವ್ವ ತೇರದಾಳದ ಓಣಿಗಳನ್ನ ಗುತ್ತಿಗೆ ಮೇಲೆ ಗುಡಿಸಿದಾಕಿ. ಒಂದೇ ಮನೆ, ಕಾನೂನು ಮಾತ್ರ ಎರಡು.

ಒಮ್ಮೆ ಮೇಲಿನವರು ನನ್ನ ಮೇಲೆ ಸುಳ್ಳು ದೂರು ಬರೆದರು. ಕೆಲಸ ಹೋಗಲಿಲ್ಲ. ಮೊದಲು ನೋಟಿಸು ಬಂತು, ಆಮೇಲೆ ಆರೋಪಪಟ್ಟಿ, ವಿಚಾರಣೆ. ಸಾಕ್ಷಿಗಳನ್ನ ನಾನೂ ಪ್ರಶ್ನಿಸಿದೆ. ಆರೋಪ ನಿಲ್ಲಲಿಲ್ಲ. ಇದು ಯಾರ ಕರುಣೆಯೂ ಅಲ್ಲ. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 311ನೇ ವಿಧಿ, 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ನನ್ನ ಬೆನ್ನಿಗಿದ್ದವು.

ಅವ್ವ ಕೈಗವಸು ಕೇಳಿದಳು, ಅಷ್ಟೆ. ‘ನಾಳಿಂದ ಬರಬ್ಯಾಡ’ ಅಂದ ಗುತ್ತಿಗೆದಾರ. ‘ಏನ್ ತಪ್ಪ ಮಾಡೇನಿ, ಅದನ್ನರ ಹೇಳ್ರಿ’ ಅಂದಳು. ಹೇಳಬೇಕಾದ ಹಂಗೇ ಅವನಿಗಿರಲಿಲ್ಲ. ಮೇಲ್ಮನವಿ ಯಾರಿಗೆ ಕೊಡೋದು?

1966ರ ನಡತೆ ನಿಯಮಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದವು. ನೌಕರ ನಿಷ್ಠೆಯಿಂದ ಇರಬೇಕು ಅನ್ನುತ್ತವೆ. ಇರಲಿ. ನಸುಕಿನಾಗ ಎದ್ದು ಊರು ಗುಡಿಸಿದ ಅವ್ವನ ನಿಷ್ಠೆ ಯಾವ ಕಡತದಲ್ಲಿದೆ? 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕಾಯಂ ಮಾಡ್ರಿ ಅಂತ ಪೊರಕೆ ಕೆಳಗಿಟ್ಟರು. ಸಂಬಳದ ಜೊತೆಗೆ ಇನ್ನೊಂದು ಮಾತು ಅದರಲ್ಲಿ ನನಗೆ ಕೇಳಿಸಿತು: ನಮ್ಮನ್ನ ತೆಗೆಯೋ ಮೊದಲು ಕಾರಣ ಹೇಳ್ರಿ, ನಮ್ಮ ಮಾತೂ ಕೇಳ್ರಿ.

ಗೆಳೆಯರೆ, ಕಚೇರಿಯಲ್ಲಿ ಕೂತ ನಾವು ಶಿಸ್ತಿನ ನಿಯಮಗಳನ್ನ ದಿನಾ ಬೈಯುತ್ತೇವೆ. ಮೇಲಿನವರು ಅವನ್ನ ನಮ್ಮ ಮೇಲೆ ಬೀಸುವುದೂ ಖರೆ. ಆದರೆ ಅದೇ ಪುಸ್ತಕ ಅವರ ಕೈಯನ್ನೂ ಕಟ್ಟುತ್ತದೆ. ಗುತ್ತಿಗೆಯಲ್ಲಿ ದುಡಿಯೋ ನಮ್ಮ ಜನಕ್ಕೆ ಆ ಪುಸ್ತಕದಲ್ಲಿ ಒಂದು ಸಾಲಿನ ಜಾಗ ಸಿಗುವ ತನಕ ನಮ್ಮ ಸಂಘಗಳು ಸುಮ್ಮನೆ ಕೂಡಬಾರದು.