ಸಂಚಿಯಲ್ಲಿ ಉಳಿದ ಚಿಲ್ಲರೆ: ಕೊಳ್ಳೇಗಾಲ, ಹನೂರು, ಯಳಂದೂರಿನ ಹಾದಿಯಲ್ಲಿ

ಮಲೆಯ ಮಾದಪ್ಪನ ದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ನಮ್ಮ ಮಗನು ಒಂದು ಪಂಥವನ್ನೊಡ್ಡಿದನು. ಮನೆಯಿಂದ ಹೊರಟು ಮನೆಗೆ ಮರಳುವವರೆಗೆ ಒಂದು ನೋಟನ್ನಾಗಲಿ, ಒಂದು ನಾಣ್ಯವನ್ನಾಗಲಿ ಮುಟ್ಟದೆ ಪ್ರಯಾಣ ಮಾಡಲು ನಮ್ಮಿಂದ ಸಾಧ್ಯವೇ ಎಂಬುದೇ ಆ ಪಂಥ. ನಾನು ಒಪ್ಪಿದೆ. ನನ್ನ ಶ್ರೀಮತಿಯವರು ಒಪ್ಪಲಿಲ್ಲ. ‘ದೇವರ ದಾರಿಯಲ್ಲಿ ಪಂಥವೇಕೆ?’ ಎಂದವರೇ 500 ರೂಪಾಯಿಯ ಒಂದು ನೋಟನ್ನು ಮಡಿಚಿ ತಮ್ಮ ಕೈಚೀಲದ ಒಳಜೇಬಿಗೆ ಸೇರಿಸಿಕೊಂಡರು. ಆ ನೋಟಿನ ಕಥೆ ಮುಂದೆ ಬರುತ್ತದೆ.

ಕೊಳ್ಳೇಗಾಲಕ್ಕೆ ರೈಲು ಇಲ್ಲ. ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಹಳಿ ಹಾಕುವ ಯೋಜನೆಗೆ 1996-97ರಲ್ಲಿಯೇ ಮಂಜೂರಾತಿ ದೊರೆತಿತ್ತು. ಅಂದು ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ರೈಲು ಮಾತ್ರ ಬಂದಿಲ್ಲ. ಆದಕಾರಣ ನಮ್ಮ ಪ್ರಯಾಣದ ಮೊದಲ ಭಾಗಕ್ಕೆ ಬೆಂಗಳೂರಿನ ಮೆಟ್ರೋ ರೈಲನ್ನೇ ಆಶ್ರಯಿಸಿದೆವು. ಹಸಿರು ಮಾರ್ಗದ ದಕ್ಷಿಣದ ಕೊನೆಯ ನಿಲ್ದಾಣ ಕನಕಪುರ ರಸ್ತೆಯಲ್ಲಿದೆ. 2021ರ ಜನವರಿಯಲ್ಲಿ ಆರಂಭವಾದ ಆ ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ. ರೇಷ್ಮೆಯ ಸೀರೆಗೆ ಹೆಸರಾದ ಕೊಳ್ಳೇಗಾಲಕ್ಕೆ ಹೊರಟವರಿಗೆ ಇದಕ್ಕಿಂತ ಒಳ್ಳೆಯ ಶಕುನವುಂಟೇ?

ಮೆಟ್ರೋದ ಬಾಗಿಲಿನಲ್ಲಿ ಕಾರ್ಡನ್ನು ಯಂತ್ರದ ಸಮೀಪಕ್ಕೆ ಹಿಡಿದರೆ ಸಾಕು, ಕ್ಷಣದಲ್ಲಿ ತಡೆಗೋಡೆ ಸರಿದು ದಾರಿಯಾಗುತ್ತದೆ. ಇದರ ಒಳಮರ್ಮವನ್ನು ನಮ್ಮ ಮನೆಯ ಮಕ್ಕಳು ಕೇಳಿದರೆ ಹೇಳಲು ಅನುಕೂಲವಾಗಲೆಂದು ಇಲ್ಲಿ ಬರೆಯುತ್ತೇನೆ. ಕಾರ್ಡಿನೊಳಗೆ ಬ್ಯಾಟರಿ ಇರುವುದಿಲ್ಲ. ಕೂದಲೆಳೆಯಂತಹ ತಂತಿಯ ಸುರುಳಿಯೊಂದು ಅದರ ಅಂಚಿನಲ್ಲಿ ಹುದುಗಿರುತ್ತದೆ. ಯಂತ್ರವು ತನ್ನ ಸುತ್ತ ಒಂದು ಕಾಂತಕ್ಷೇತ್ರವನ್ನು ಹರಡಿರುತ್ತದೆ. ಕಾರ್ಡು ಕೆಲವೇ ಸೆಂಟಿಮೀಟರು ಸಮೀಪಕ್ಕೆ ಬಂದೊಡನೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಕಾರ್ಡಿನ ಪುಟ್ಟ ಚಿಪ್ಪು ಎಚ್ಚರಗೊಂಡು ಯಂತ್ರದೊಡನೆ ಸಂಭಾಷಿಸುತ್ತದೆ. 2019ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಒಂದೇ ಎಂದು ಜಾರಿಗೆ ಬಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡಿನಲ್ಲಿ ಇನ್ನೊಂದು ವಿಶೇಷವಿದೆ. ಪ್ರಯಾಣಕ್ಕೆಂದು ತುಂಬಿದ ಸ್ವಲ್ಪ ಹಣದ ಲೆಕ್ಕ ಕಾರ್ಡಿನ ಒಳಗೇ ಇರುವುದರಿಂದ, ಆ ಕ್ಷಣದಲ್ಲಿ ಬ್ಯಾಂಕನ್ನು ಕೇಳಬೇಕಾದ ಅಗತ್ಯವಿಲ್ಲ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ. ಬೆಟ್ಟದ ದಾರಿಯಲ್ಲಿ ಇದರ ಬೆಲೆ ನಮಗೆ ತಿಳಿಯಿತು.

ಕನಕಪುರ ರಸ್ತೆಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸು ದೊರೆಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ನನ್ನ ಶ್ರೀಮತಿಯವರಿಗೆ ಆಧಾರ್ ಕಾರ್ಡನ್ನು ತೋರಿಸಿದೊಡನೆ ಶೂನ್ಯ ದರದ ಟಿಕೆಟ್ಟು ಕೈಗೆ ಬಂದಿತು. ಪಂಥದ ಮೊದಲ ಸುತ್ತಿನಲ್ಲಿ ಅವರೇ ಗೆದ್ದರೆಂದು ಹೇಳಬೇಕು. ನನ್ನ ಪಾಲಿಗೆ ನಿರ್ವಾಹಕರು ಯಂತ್ರದ ಪರದೆಯ ಮೇಲೆ ಚೌಕಾಕಾರದ ಚುಕ್ಕಿಚಿತ್ರವನ್ನು ಮೂಡಿಸಿದರು. 2024ರ ಕೊನೆಯ ಭಾಗದಲ್ಲಿ ಬಂದ ಈ ಹೊಸ ಯಂತ್ರಗಳಲ್ಲಿ ಪ್ರಯಾಣದರದ ಮೊತ್ತವೂ ಆ ಚಿತ್ರದಲ್ಲಿಯೇ ಅಡಗಿರುತ್ತದೆ. ಫೋನಿನಿಂದ ಅದನ್ನು ನೋಡಿ ಗುಪ್ತಸಂಖ್ಯೆ ಒತ್ತಿದರೆ ಮುಗಿಯಿತು. ಹಿಂದೆ ಇದೇ ದಾರಿಯಲ್ಲಿ ನಿರ್ವಾಹಕರು ಬಣ್ಣಬಣ್ಣದ ಟಿಕೆಟ್ಟುಗಳ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಕಿಟಕಿಟ ಎಂದು ತೂತು ಮಾಡುತ್ತ ಬರುತ್ತಿದ್ದುದು ನೆನಪಾಯಿತು. ಆ ಸದ್ದು ಹೋಯಿತು, ‘ಚಿಲ್ಲರೆ ಕೊಡಿ ಸಾರ್’ ಎಂಬ ಮಾತು ಮಾತ್ರ ಉಳಿದಿದೆ.

ಕೊಳ್ಳೇಗಾಲವು ಹಣದ ಬದಲಾವಣೆಗೆ ಹೊಸತಾದ ಊರಲ್ಲ. 1956ರ ನವೆಂಬರ್ 1ರವರೆಗೆ ಈ ತಾಲೂಕು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೂಗಳತೆ ದೂರದ ಯಳಂದೂರಾದರೋ ಮೈಸೂರು ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ನೆಲ. ಬೀಗತನ ಮಾಡುವವರು, ಸಂತೆಗೆ ಹೋಗುವವರು ದಿನವೂ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ನಡೆದು ಹೋಗುತ್ತಿದ್ದರು. ನವೆಂಬರಿನಲ್ಲಿ ರಾಜ್ಯ ಬದಲಾಯಿತು. ಐದು ತಿಂಗಳು ಕಳೆಯುವುದರೊಳಗೆ, 1957ರ ಏಪ್ರಿಲ್ 1ರಂದು, ಆಣೆ ಪೈಗಳು ಹೋಗಿ ನಯಾಪೈಸೆ ಬಂದಿತು. ರೂಪಾಯಿಗೆ 16 ಆಣೆ ಎಂದು ಬಾಯಿಪಾಠ ಮಾಡಿದ್ದವರು 100 ಪೈಸೆ ಎಂದು ಕಲಿಯಬೇಕಾಯಿತು. ಊರಿನ ಮುದುಕಿಯರು ಅಂದು ಪಟ್ಟ ಗಲಿಬಿಲಿಯನ್ನೂ, ಇಂದು ನಮ್ಮ ವಯಸ್ಸಿನವರು ಫೋನು ಹಿಡಿದು ಪಡುವ ಗಲಿಬಿಲಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಮಾಟಮಂತ್ರದ ಊರೆಂದು ಕೊಳ್ಳೇಗಾಲವನ್ನು ಹೊರಗಿನವರು ಹಾಸ್ಯ ಮಾಡುವುದುಂಟು. ಬಸ್ ನಿಲ್ದಾಣದ ಹೂವಿನಂಗಡಿಯಲ್ಲಿ, ಹಣ ಬಂದಿತೆಂದು ಸಣ್ಣ ಪೆಟ್ಟಿಗೆಯೊಂದು ಅಚ್ಚಕನ್ನಡದಲ್ಲಿ ಕೂಗಿ ಹೇಳಿದಾಗ, ಮಾಟವೆಂದರೆ ಇದೇ ಇರಬೇಕೆಂದು ನನಗೂ ಅನಿಸಿತು.

ಮಧುವನಹಳ್ಳಿ, ಕಾಮಗೆರೆಗಳನ್ನು ದಾಟಿ ಹನೂರಿಗೆ ಬಂದೆವು. ಕೊಳ್ಳೇಗಾಲದಿಂದ ಬೇರೆಯಾಗಿ ಈಗ ಹನೂರು ತಾನೇ ಒಂದು ತಾಲೂಕು ಕೇಂದ್ರ. ಇಲ್ಲಿ ಊಟ ಮುಗಿಸಿ, ಬೆಟ್ಟಕ್ಕೆ ಹೊರಟಿದ್ದ ಒಂದು ಖಾಸಗಿ ಬಸ್ಸನ್ನು ಹತ್ತಿದೆವು. ನೂಕುನುಗ್ಗಲಿನಲ್ಲಿ ನಿರ್ವಾಹಕನು ನಮ್ಮ ಬಳಿಗೆ ಬರುವ ವೇಳೆಗೆ ಕೌದಳ್ಳಿ ಹಿಂದೆ ಸರಿದಿತ್ತು. ಎರಡೂ ಬದಿಗೆ ಕುರುಚಲು ಕಾಡು, ಮುಂದೆ ಏಳುಮಲೆ ಎಪ್ಪತ್ತೇಳುಮಲೆಯ ಸಾಲು. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಇದು.

ನಿರ್ವಾಹಕನು ಕೊರಳಿಗೆ ತೂಗುಹಾಕಿಕೊಂಡಿದ್ದ ರಟ್ಟಿನ ಚುಕ್ಕಿಚಿತ್ರಕ್ಕೆ ನಾನು ಫೋನನ್ನು ಹಿಡಿದೆ. ಮೊತ್ತ ಬರೆದು ಗುಪ್ತಸಂಖ್ಯೆ ಒತ್ತಿದೆ. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ತಾಳುಬೆಟ್ಟ ಸಮೀಪಿಸಿದರೂ ನಿಲ್ಲಲಿಲ್ಲ. ಹಣ ನನ್ನ ಖಾತೆಯಿಂದ ಹೋಯಿತೋ ಇಲ್ಲವೋ, ಅವನ ಖಾತೆಗೆ ಬಂದಿತೋ ಇಲ್ಲವೋ, ಇಬ್ಬರಿಗೂ ತಿಳಿಯದು. ‘ನನಗೆ ಮೆಸೇಜು ಬಂದಿಲ್ಲ ಸಾರ್’ ಎಂದು ಅವನು ಮೆಲ್ಲನೆ ಹೇಳಿದನು. ಸಂಜೆ ಲೆಕ್ಕ ಒಪ್ಪಿಸಬೇಕಾದವನು ಅವನೇ ಅಲ್ಲವೇ? ಅವನ ಮೇಲೆ ಕೋಪಿಸಿಕೊಳ್ಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಮೆಟ್ರೋದ ಕಾರ್ಡನ್ನು ತೋರಿಸಿದೆ. ನೆಟ್‌ವರ್ಕಿಲ್ಲದೆಡೆಯಲ್ಲಿಯೂ ನಡೆಯಬಲ್ಲದ್ದು ಅದೊಂದೇ, ಆದರೆ ಆ ಬಸ್ಸಿನಲ್ಲಿ ಅದನ್ನು ಓದುವ ಯಂತ್ರವಿರಲಿಲ್ಲ. ಶ್ರೀಮತಿಯವರು ವಿಜಯದ ನಗೆಯೊಂದಿಗೆ 500ರ ನೋಟನ್ನು ಹೊರತೆಗೆದರು. ‘ಇದಕ್ಕೆ ಚಿಲ್ಲರೆ ಎಲ್ಲಿ ತರಲಿ ತಾಯಿ? ಎಲ್ಲರೂ ಫೋನಿನಲ್ಲೇ ಕೊಡ್ತಾರೆ, ಬ್ಯಾಗಿನಲ್ಲಿ ನೋಟೇ ಇಲ್ಲ’ ಎಂದನು ಅವನು. ಹೀಗೆ ಹೊಸ ಹಣವೂ ಹಳೆಯ ಹಣವೂ ಏಕಕಾಲದಲ್ಲಿ ನಮ್ಮ ಕೈಬಿಟ್ಟವು. ಮೂವತ್ತೈದು ವರ್ಷ ದುಡಿದು ನಿವೃತ್ತನಾದ ನಾನು, ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಹತ್ತು ಜನರ ಮುಂದೆ ಕುಳಿತಿದ್ದೆ. ಆ ನಾಚಿಕೆಯನ್ನು ಹೇಗೆ ಹೇಳಲಿ!

ಕಿಟಕಿಯ ಬಳಿ ಕುಳಿತಿದ್ದ ವೃದ್ಧರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಸೊಂಟದಲ್ಲಿ ಎಲೆಯಡಿಕೆಯ ಸಂಚಿ. ಅವರು ಸಂಚಿಯ ದಾರವನ್ನು ಸಡಿಲಿಸಿ, ಸುಣ್ಣದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಮಡಿಕೆ ಮಡಿಕೆಯಾಗಿದ್ದ ಸಣ್ಣ ನೋಟುಗಳನ್ನು ಒಂದೊಂದಾಗಿ ಎಣಿಸಿ ನಮ್ಮಿಬ್ಬರ ಹಣವನ್ನು ನಿರ್ವಾಹಕನ ಕೈಗಿತ್ತರು. ‘ಬ್ಯಾಡಿ ಅಜ್ಜ’ ಎಂದೆ. ‘ಇರ್ಲಿ ಬುಡಪ್ಪ, ಬೆಟ್ಟದ ಮ್ಯಾಲೆ ಕೊಡೀವ್ರಂತೆ. ಮಾದಪ್ಪ ಎಲ್ಲೂ ಓಡೋಗಕಿಲ್ಲ, ನಾನೂ ಓಡೋಗಕಿಲ್ಲ’ ಎಂದರು. ಬಸ್ಸಿನಲ್ಲಿ ಯಾರೋ ‘ಉಘೇ ಮಾದಪ್ಪ’ ಎಂದು ಕೂಗಿದರು. ತಾಳುಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೊರಟಿದ್ದ ಭಕ್ತರು ದಾರಿಯ ಅಂಚಿಗೆ ಸರಿದು ನಮ್ಮ ಬಸ್ಸಿಗೆ ಜಾಗ ಮಾಡಿಕೊಟ್ಟರು.

ಬೆಟ್ಟದ ಮೇಲೆ ತೆಂಗಿನಕಾಯಿ ಅಂಗಡಿಯಲ್ಲಿ ನೋಟು ಮುರಿಸಿ ಹಿಂದಿರುಗುವಷ್ಟರಲ್ಲಿ ಅಜ್ಜನವರು ಜನರಲ್ಲಿ ಮರೆಯಾಗಿದ್ದರು. ದರ್ಶನದ ಸಾಲಿನಲ್ಲಿ ನಿಂತಾಗಲೂ ನನ್ನ ಕಣ್ಣು ಅವರನ್ನೇ ಅರಸುತ್ತಿತ್ತೆಂದರೆ ಮಾದಪ್ಪನು ಕ್ಷಮಿಸಬೇಕು. ಕಡೆಗೆ ದಾಸೋಹದ ಪಂಕ್ತಿಯಲ್ಲಿ ಸಿಕ್ಕಿದರು. ಉಂಡು ಕೈತೊಳೆದು ಬಂದ ಮೇಲೆ ಹಣ ನೀಡಿದೆ. ಹೆಚ್ಚಿಗೆ ಇಟ್ಟಿದ್ದ ಹತ್ತು ರೂಪಾಯಿಯನ್ನು ಅವರು ಬೇರೆ ಮಾಡಿ ಹಿಂದಕ್ಕಿತ್ತರು. ‘ನಿಮ್ ಫೋನಿನ ದುಡ್ಡು ಹೋಯ್ತಾ, ಅದೆಯಾ?’ ಎಂದು ಕೇಳಿದರು. ಅಷ್ಟರಲ್ಲಿ ಬ್ಯಾಂಕಿನ ಸಂದೇಶ ಬಂದಿತ್ತು: ಹಣ ಕಡಿತವಾಗಿತ್ತು. ‘ಹಂಗಾದ್ರೆ ಆ ಹುಡುಗನ್ಗೆ ಬಂದದೆಯೋ ಇಲ್ವೋ ಕೇಳ್ಬುಡಿ, ಎಲ್ಡು ಸಲ ಈಸ್ಕಂಡಂಗೆ ಆಗ್ಬಾರ್ದು ಅವನೂವೆ’ ಎಂದರು. ನನ್ನ ನಷ್ಟದ ಚಿಂತೆಯ ಜೊತೆಗೆ ನಿರ್ವಾಹಕನ ಋಣದ ಚಿಂತೆಯೂ ಅವರಿಗಿತ್ತು! ನನ್ನ ತಲೆಗೆ ಅದು ಹೊಳೆದಿರಲೇ ಇಲ್ಲ.

ಇಂತಹ ಪ್ರಸಂಗದಲ್ಲಿ ಓದುಗರಿಗೆ ಉಪಯೋಗವಾಗುವ ಒಂದು ಮಾತು. ರಿಸರ್ವ್ ಬ್ಯಾಂಕು 2019ರಲ್ಲಿ ಹೊರಡಿಸಿದ ನಿಯಮದಂತೆ, ಯುಪಿಐ ಮೂಲಕ ವ್ಯಾಪಾರಿಗೆ ಪಾವತಿ ಮಾಡುವಾಗ ನಮ್ಮ ಖಾತೆಯಿಂದ ಹಣ ಕಡಿತವಾಗಿ ಅತ್ತ ದೃಢೀಕರಣವಾಗದಿದ್ದಲ್ಲಿ, ಐದು ದಿನಗಳೊಳಗೆ ಅದು ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಉಂಟು. ನಮ್ಮ ಹಣ ಮೂರನೆಯ ದಿನ ಮರಳಿತು. ಗಾಬರಿಯಿಂದ ಗೂಗಲ್ಲಿನಲ್ಲಿ ಸಿಕ್ಕಿದ ಯಾವುದೋ ಸಂಖ್ಯೆಗೆ ಕರೆ ಮಾಡಿ ಗುಪ್ತಸಂಖ್ಯೆಯನ್ನು ಹೇಳಿ ಮೋಸಹೋಗುವುದು ಮಾತ್ರ ಬೇಡ.

ಲಂಡನ್ನಿನಲ್ಲಿ ಮಕ್ಕಳಿರುವ ನಮ್ಮ ಬಂಧುಗಳು ಅಲ್ಲಿನ ಸಂಚಾರವನ್ನು ಬಣ್ಣಿಸುವುದನ್ನು ಕೇಳಿದ್ದೇನೆ. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಲು ಹೋಗುವವರು ತಮ್ಮ ಬ್ಯಾಂಕಿನ ಕಾರ್ಡನ್ನೇ ಬಸ್ಸಿನ ಯಂತ್ರಕ್ಕೆ ತೋರಿಸಿ ಹತ್ತುತ್ತಾರಂತೆ. ಅಲ್ಲಿನ ಬಸ್ಸುಗಳಲ್ಲಿ 2014ರ ಜುಲೈನಿಂದ ನಗದನ್ನು ಸ್ವೀಕರಿಸುವುದೇ ಇಲ್ಲ. ಅದು ಆ ನಗರಕ್ಕೆ ಒಗ್ಗಿರಬಹುದು. ನಮ್ಮ ಹನೂರಿನ ಬಸ್ಸಿನಲ್ಲಿ ಅಂತಹ ನಿಯಮ ಬಂದರೆ ಆ ಅಜ್ಜನವರನ್ನು ಯಾರು ಹತ್ತಿಸಿಕೊಳ್ಳುವರು? ಗುಂಡಿಯ ಫೋನಿನವರಿಗೂ ಕರೆಯ ಮೂಲಕ ಹಣ ಪಾವತಿಸುವ ವ್ಯವಸ್ಥೆ 2022ರಿಂದ ಇದೆಯೆಂಬುದು ನಿಜ. ಆದರೆ ಅದನ್ನು ಬಳಸಿದವರನ್ನು ಈ ಪ್ರಯಾಣದಲ್ಲಿ ನಾನು ಕಾಣಲಿಲ್ಲ. ನಗದನ್ನು ತೆಗೆದುಹಾಕುವುದಕ್ಕಿಂತ, ಬೆಟ್ಟದ ಬಸ್ಸುಗಳಿಗೆ ಕಾರ್ಡು ಓದುವ ಯಂತ್ರವನ್ನು ಸೇರಿಸುವುದು ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ. ಜಾತ್ರೆಯ ದಿನ, ಅಮಾವಾಸ್ಯೆಯ ದಿನ, ನಿರ್ವಾಹಕರಿಗೂ ಅದರಿಂದ ಎಷ್ಟೋ ನೆಮ್ಮದಿ.

ಮರುದಿನ ಕೊಳ್ಳೇಗಾಲಕ್ಕೆ ಇಳಿದು ಯಳಂದೂರಿನ ಬಸ್ಸು ಹಿಡಿದೆವು. ಸುವರ್ಣಾವತಿಯ ತೀರದ ಈ ಸಣ್ಣ ಊರಿನಲ್ಲಿ ಗೌರೀಶ್ವರ ದೇವಾಲಯವೂ, ಅದರ ಸೂಕ್ಷ್ಮ ಕೆತ್ತನೆಯ ಬಳೆಮಂಟಪವೂ ನೋಡತಕ್ಕವು. 17ನೆಯ ಶತಮಾನದಲ್ಲಿ ‘ರಾಜಶೇಖರ ವಿಳಾಸ’ವನ್ನು ರಚಿಸಿದ ಷಡಕ್ಷರದೇವನ ನೆನಪು ಈ ನೆಲದೊಂದಿಗೆ ಬೆರೆತಿದೆ. ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನೂ ಇಲ್ಲಿಯವಳೇ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದುದರಿಂದ ಅವಳಿಗೆ ಸಂಚಿಯ ಹೊನ್ನಮ್ಮನೆಂದೇ ಹೆಸರಾಯಿತು. ದೇವಾಲಯದ ನೆರಳಿನಲ್ಲಿ ಕುಳಿತಾಗ ಶ್ರೀಮತಿಯವರು, ‘ನಮ್ಮನ್ನು ಬೆಟ್ಟ ಹತ್ತಿಸಿದ್ದೂ ಒಂದು ಸಂಚಿಯೇ’ ಎಂದರು. ನಾನು ಉತ್ತರ ಕೊಡಲಿಲ್ಲ. ಪಂಥ ಸೋತವನಿಗೆ ಮಾತೇನಿದೆ?

ಸಂತೆಮರಹಳ್ಳಿಯ ಮಾರ್ಗವಾಗಿ ಚಾಮರಾಜನಗರವನ್ನು ಸೇರಿದೆವು. ಮೈಸೂರಿನಿಂದ ಬರುವ ರೈಲು ಹಳಿ ಇಲ್ಲಿಗೆ ಮುಗಿಯುತ್ತದೆ. ಫೋನಿನಲ್ಲಿಯೇ ಟಿಕೆಟ್ಟು ತೆಗೆಯೋಣವೆಂದರೆ, 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪಿನ ಕಾಗದರಹಿತ ಟಿಕೆಟ್ಟನ್ನು ಹಳಿಯ ಬಳಿ ನಿಂತು ಕೊಳ್ಳುವಂತಿಲ್ಲ. ತಪಾಸಣಾಧಿಕಾರಿಯನ್ನು ಕಂಡ ಮೇಲೆ ಟಿಕೆಟ್ಟು ಕೊಳ್ಳುವ ಜಾಣರಿಗಾಗಿ ಮಾಡಿದ ಕಟ್ಟುಪಾಡು ಅದು. ಪ್ಲಾಟ್‌ಫಾರಮ್ಮಿನವರೆಗೆ ನಡೆದುಹೋಗಿದ್ದ ನಾನು ಆ ಜಾಣರ ಗುಂಪಿಗೆ ಸೇರಿ, ಹೊರಗೆ ರಸ್ತೆಯವರೆಗೆ ಹಿಂದಿರುಗಿ ಬರಬೇಕಾಯಿತು. ಶ್ರೀಮತಿಯವರು ಅಷ್ಟರೊಳಗೆ ಕಿಟಕಿಯಲ್ಲಿ ಚಿಲ್ಲರೆ ಕೊಟ್ಟು, ಇಬ್ಬರಿಗೂ ಕಾಗದದ ಟಿಕೆಟ್ಟು ಪಡೆದು, ಬೆಂಚಿನ ಮೇಲೆ ಕುಳಿತಿದ್ದರು.

ರೈಲು ಹೊರಟ ಮೇಲೆ ಜೇಬನ್ನು ತಡಕಿದಾಗ ಯಳಂದೂರಿನ ಬಸ್ಸಿನ ಟಿಕೆಟ್ಟು ಕೈಗೆ ಸಿಕ್ಕಿತು. ಅದರ ಹಿಂಬದಿಯಲ್ಲಿ ನಿರ್ವಾಹಕರು ಬಾಲ್‌ಪೆನ್ನಿನಿಂದ 5 ಎಂದು ಬರೆದು ಸುತ್ತ ಒಂದು ಸೊನ್ನೆ ಎಳೆದಿದ್ದರು. ಇಳಿಯುವಾಗ ಕೇಳಿ ಪಡೆಯಬೇಕಾದ ಬಾಕಿ ಅದು. ನಾನು ಮರೆತಿದ್ದೆ. ಶ್ರೀಮತಿಯವರು ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿ, ಮಡಿಚಿ, ತಮ್ಮ ಕೈಚೀಲದ ಒಳಜೇಬಿಗೆ, ಹಿಂದಿನ ದಿನ ನೋಟಿದ್ದ ಜಾಗಕ್ಕೆ, ಸೇರಿಸಿದರು.