ಹಸಿ ಗರಿಗೆ ಮಚ್ಚು ಬೇಡ

ಮಾವು, ನುಗ್ಗೆ ಸವರಿದ ಹಾಗೆ ತೆಂಗನ್ನು ಸವರೋಕೆ ಆಗಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನೂ ಹೇಳಬೇಕಾ ಅನ್ನಬಹುದು. ಹೇಳಬೇಕು. ಸುದ್ದಿಗೆಂದು ಬೈಕಿನಲ್ಲಿ ಸುತ್ತುವಾಗ, ಸುಳಿ ಸುತ್ತ ನಾಲ್ಕೈದು ಗರಿ ಬಿಟ್ಟು ಮಿಕ್ಕಿದ್ದೆಲ್ಲ ಕೊಚ್ಚಿಸಿಕೊಂಡು ನಿಂತ ಎಳೇ ತೆಂಗುಗಳನ್ನು ನಾವು ಪ್ರತಿ ಮುಂಗಾರಿನಲ್ಲೂ ನೋಡುತ್ತೇವೆ.

ಕಾರಣ ಕೇಳಿದರೆ ಉತ್ತರ ರೆಡಿ. ರಾಗಿಗೆ ನೆರಳು ಬೀಳುತ್ತೆ, ಟಿಲ್ಲರ್ ತಿರುಗಲ್ಲ, ಮದುವೆ ಚಪ್ಪರಕ್ಕೆ ಬೇಕಿತ್ತು. 'ಗರಿ ತೆಗೆದ್ರೆ ಮರ ಬೇಗ ಎತ್ತರ ಹೋಗುತ್ತೆ' ಅನ್ನುವವರೂ ಇದ್ದಾರೆ.

ತುರುವೇಕೆರೆ ಕಡೆಯ ಒಂದು ತೋಟ. ಐದಾರು ವರ್ಷದ ಗಿಡಗಳು. ಯಜಮಾನರು ಉಳುಮೆಗೆ ಅಡ್ಡ ಅಂತ ಹಸಿ ಗರಿಗಳನ್ನು ಬುಡಕ್ಕೇ ಕಡಿಸಿದ್ದರು. ನಾವು ಹೋದಾಗ ಮೂರು ಗಿಡಗಳ ಕಾಂಡದಲ್ಲಿ ತೂತು, ಅದರಿಂದ ಸೋರುವ ಕಂದು ಅಂಟು, ಅಗಿದು ಉಗುಳಿದ ನಾರು. ಕಿವಿ ಇಟ್ಟರೆ ಒಳಗೆ ಕರಕರ ಸದ್ದು. ಕೆಂಪು ಮೂತಿ ಹುಳು. ಐದರಿಂದ ಇಪ್ಪತ್ತು ವರ್ಷದ ಮರ ಅಂದರೆ ಅದಕ್ಕೆ ಬಲು ಇಷ್ಟ. ಹಸಿ ಗಾಯದ ವಾಸನೆಗೆ ಬಂದು ಅಲ್ಲೇ ಮೊಟ್ಟೆ ಇಡುತ್ತದೆ, ಮರಿ ಒಳಗಿನ ತಿರುಳನ್ನು ತಿನ್ನುತ್ತದೆ. ಸುಳಿ ಬಾಡಿದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ.

ಯಜಮಾನರು ಸುಮ್ಮನಿದ್ದರು. ಅವರ ತಾಯಿ ಜಗಲಿಯಿಂದಲೇ ಹೇಳಿದರು: "ತಲೆ ಬೋಳ್ಸುದ್ರೆ ಕೂದ್ಲು ಬರ್ತವೆ ಕಣಪ್ಪ, ಕಡ್ದಿದ್ ಗರಿ ಬರ್ತದಾ?"

ಬರಲ್ಲ. ತೆಂಗಿಗೆ ಇರುವುದು ಒಂದೇ ಸುಳಿ. ಕೊಂಬೆ ಇಲ್ಲ, ಕಡಿದಲ್ಲಿ ಚಿಗುರೊಡೆಯಲ್ಲ. ಕಾಂಡಕ್ಕೆ ಬಿದ್ದ ಮಚ್ಚಿನೇಟು ಬೇರೆ ಮರಗಳಲ್ಲಿ ಮುಚ್ಚಿಕೊಳ್ಳುವಂತೆ ಇಲ್ಲಿ ಮುಚ್ಚಿಕೊಳ್ಳುವುದೂ ಇಲ್ಲ. ಹತ್ತೋಕೆ ಅಂತ ಹಿಂದೆ ಕಡಿದ ಮೆಟ್ಟಿಲುಗಳು ಹಳೇ ಮರಗಳಲ್ಲಿ ಈಗಲೂ ಹಾಗೇ ಇವೆ, ನೋಡಿ. ಸೊಂಪಾದ ಮರ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಗರಿ ಬಿಡುತ್ತದೆ, ಒಂದೊಂದು ಗರಿಯ ಕಂಕುಳಲ್ಲೂ ಒಂದು ಹೊಂಬಾಳೆ. ಹಸಿ ಗರಿ ಹೋದರೆ ಆ ಹೊಂಬಾಳೆಯ ಊಟವೇ ಹೋದ ಹಾಗೆ. ಉಂಡೆ ಕೊಬ್ಬರಿ ರೇಟು ವಾಟ್ಸಾಪಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತೆ, ಈ ಗರಿ ಲೆಕ್ಕ ಮಾತ್ರ ಯಾರೂ ಕಳಿಸಲ್ಲ.

ಹಾಗಂತ ಮಚ್ಚು ಮುಟ್ಟಲೇಬಾರದು ಅಂತಲ್ಲ. ಪೂರ್ತಿ ಒಣಗಿ ಜೋತುಬಿದ್ದ ಗರಿ ತೆಗೆಯಬಹುದು. ಕಪ್ಪು ತಲೆ ಹುಳು ಜೋರಾಗಿದ್ದಾಗ, ತೀರಾ ಹಾಳಾದ ಕೆಳಗಿನ ಎರಡು ಮೂರು ಗರಿ ಕಡಿದು ಸುಡಿ ಅನ್ನುತ್ತಾರೆ. ಕೆಲವರು ಅದನ್ನೇ ಇಡೀ ಮರ ಬೋಳಿಸಿ ಅಂತ ಕೇಳಿಸಿಕೊಂಡಿದ್ದಾರೆ. ಕರೆಂಟ್ ತಂತಿಗೆ ತಾಗಿ ಹಸಿ ಗರಿ ಕಡಿಯಲೇಬೇಕಾದರೆ, ಕಾಂಡದಿಂದ ನಾಲ್ಕಡಿ ದಿಂಡು ಬಿಟ್ಟು ಕಡಿಯಿರಿ. ಗಾಯ ದೂರ ಇದ್ದರೆ ಮರಿ ಕಾಂಡ ಮುಟ್ಟುವುದು ಕಷ್ಟ.

ಉಳುಮೆಗೆ ಚಿಕ್ಕನಾಯಕನಹಳ್ಳಿ ಕಡೆ ಒಬ್ಬರು ಮಾಡುವುದು ನಮಗೆ ಹಿಡಿಸಿತು. ಅವತ್ತೊಂದು ದಿನ ಗರಿಗಳನ್ನು ಹಗ್ಗದಲ್ಲಿ ಸಡಿಲವಾಗಿ ಮೇಲಕ್ಕೆ ಕಟ್ಟುತ್ತಾರೆ, ಸಂಜೆ ಬಿಚ್ಚುತ್ತಾರೆ. ಖರ್ಚು ಒಂದು ಹಗ್ಗ.

ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಕಂಡರೆ ಅದು ಕುರುವಾಯಿ ದುಂಬಿ. ಅದು ಹುಟ್ಟುವುದು ನಮ್ಮದೇ ತಿಪ್ಪೆಯಲ್ಲಿ, ಗೊಬ್ಬರ ಕೆದಕಿ ಬಿಳಿ ಮರಿ ಆರಿಸಿ ಕೊಲ್ಲಿ. ಬೇವಿನ ಹಿಂಡಿ, ಮರಳು ಕಾಲು ಕಾಲು ಕೆಜಿ ಬೆರೆಸಿ ಸುಳಿ ಪಕ್ಕದ ಮೂರು ಗರಿಗಳ ಸಂದಿಗೆ ಹಾಕಿ. ಯಾವ ಹುಳು ಅಂತ ಗೊತ್ತಾಗದಿದ್ದರೆ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ, ಕಡಿಯುವ ಮೊದಲೇ.